ನನ್ನ ಹೆಂಡತಿ ಬರೆದ ಚರಣ

ಅಮೆರಿಕದ ಟೊರೆನ್ಸ್‌ಗೆ ಬಂದ ಮೊದಲ ವರ್ಷಗಳಲ್ಲಿ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದವನು ನಮ್ಮ ಬೀದಿಯ ಕೊನೆಯ ಮನೆಯ ಮುದುಕ. ಒಕ್ಲಹೋಮಾ ಕಡೆಯವನು, ನಮ್ಮ ಕಂಪನಿಯಲ್ಲೇ ಮೆಷಿನಿಸ್ಟ್. ಉಪಗ್ರಹಕ್ಕೆ ಹೋಗುವ ಲೋಹದ ಭಾಗಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊರೆಯುತ್ತಿದ್ದ ಆ ಮನುಷ್ಯನಿಗೆ ತನ್ನ ಟ್ರಕ್ಕಿನ ಪ್ಲೇಯರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಸಿ.ಡಿ.ಯನ್ನು ಮಾತ್ರ ಹೊರಗೆ ತೆಗೆಯಲು ಆಗಿರಲಿಲ್ಲ. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಅದರ ಮೂರನೆಯ ಹಾಡು ನನ್ನ ತಲೆಗೆ ಹತ್ತಿದ್ದು ಹಾಗೆ.

ಹಳೆಯ ಕಂಟ್ರಿ ಹಾಡು. ಹೆಂಡತಿ ಬಿಟ್ಟುಹೋದ ಗಂಡಸೊಬ್ಬ ಬೆಳಿಗ್ಗೆ ಎದ್ದು ರೂಢಿಯಂತೆ ಎರಡು ಕಪ್ ಕಾಫಿ ಮಾಡುತ್ತಾನೆ. ಒಂದನ್ನು ಕುಡಿಯುತ್ತಾನೆ, ಇನ್ನೊಂದು ಮೇಜಿನ ಮೇಲೆ ಆರುತ್ತಾ ಕೂರುತ್ತದೆ. ಕಥೆ ಅಷ್ಟೇ. ಆದರೆ ಹಾಡಿದವನ ಗಂಟಲು ಎಂಥದ್ದೆಂದರೆ, ಫ್ರೀವೇಯ ಟ್ರಾಫಿಕ್ಕಿನಲ್ಲಿ ಕೂತ ನಾನು, ಮನೆಯಲ್ಲಿ ಹೊಸ ಹೆಂಡತಿ ಉಪ್ಪಿಟ್ಟು ಮಾಡಿಟ್ಟು ಕಾಯುತ್ತಿದ್ದರೂ, ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮುದುಕ ರಿಟೈರಾಗಿ ಊರಿಗೆ ಹೊರಟುಹೋದ. ಹಾಡು ನನ್ನಲ್ಲಿ ಉಳಿಯಿತು. ಇಪ್ಪತ್ತು ವರ್ಷ ಸ್ನಾನದ ಮನೆಯಲ್ಲಿ, ಕಾರಿನಲ್ಲಿ, ಹುಲ್ಲು ಕತ್ತರಿಸುವಾಗ ಅದನ್ನೇ ಗುನುಗಿದೆ.

ನನ್ನ ಹೆಂಡತಿಗೆ ಆ ಹಾಡು ಕಂಡರಾಗದು. "ಇಪ್ಪತ್ತು ವರ್ಷದಿಂದ ಅಳ್ತಾನೇ ಇದಾನೆ ಆ ಮನುಷ್ಯ. ಯಾಕೆ ಬಿಟ್ಟು ಹೋದಳು ಅಂತ ಒಂದು ದಿನಾನಾದ್ರೂ ಯೋಚನೆ ಮಾಡಿದಾನಾ? ಕಾಫಿ ಆರಿತು ಅನ್ನೋದೇ ದೊಡ್ಡ ಸಂಕಟ ಅವನಿಗೆ," ಎನ್ನುತ್ತಿದ್ದಳು. ಅವಳು ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದವಳು. ಏನಾದರೂ ಕೆಟ್ಟರೆ ಮೂಲ ಕಾರಣ ಸಿಗುವವರೆಗೆ ಬಿಡುವುದಿಲ್ಲ.

ಕೋವಿಡ್ ಗಲಾಟೆಯೆಲ್ಲ ಇಳಿದ ಮೇಲೆ ಮಗಳು ಸ್ಯಾನ್ ಡಿಯೇಗೋದಲ್ಲಿ ಕಾಲೇಜು ಸೇರಿದಳು. ತಿಂಗಳಿಗೊಮ್ಮೆ ಶನಿವಾರ ನಾವಿಬ್ಬರೂ ಅವಳಿಗೆ ಸಾರಿನ ಪುಡಿ, ಚಪಾತಿ ಇತ್ಯಾದಿ ಕಟ್ಟಿಕೊಂಡು ಹೋಗುತ್ತಿದ್ದೆವು. ಹಾಗೊಂದು ಶನಿವಾರ ಸ್ಯಾನ್ ಕ್ಲೆಮೆಂಟೆ ದಾಟಿ, ಬಲಗಡೆ ಸಮುದ್ರ ಕಾಣತೊಡಗಿದ ಹೊತ್ತಿಗೆ ರೇಡಿಯೋದಲ್ಲಿ ನನ್ನ ಹಾಡು ಬಂತು. ಹೆಂಡತಿ ಸ್ಟೇಷನ್ ಬದಲಿಸಲು ಕೈ ಚಾಚಿದಳು. ಅಷ್ಟರಲ್ಲಿ ಗಂಡಸಿನ ಚರಣ ಮುಗಿದು ಒಂದು ಹೆಣ್ಣು ದನಿ ಹಾಡತೊಡಗಿತು. ಅವಳ ಕೈ ಗಾಳಿಯಲ್ಲೇ ನಿಂತಿತು.

ಅದು ಹೊಸ ಆವೃತ್ತಿ. ಈ ಕಾಲದ ಇಬ್ಬರು ಗಾಯಕರು ಸೇರಿ ಹಳೆಯ ಹಾಡನ್ನು ಯುಗಳಗೀತೆ ಮಾಡಿದ್ದರು. ಎರಡನೆಯ ಚರಣ ಪೂರ್ತಿ ಬಿಟ್ಟುಹೋದವಳದು. ಅವಳೂ ಎಲ್ಲೋ ಬೇರೆ ಊರಿನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದು ಎರಡು ಕಪ್ ಕಾಫಿ ಮಾಡುತ್ತಾಳೆ. ಮಾಡಿ, ಕಿಟಕಿಯ ಹತ್ತಿರ ಕೂತು, ಎರಡನ್ನೂ ತಾನೇ ಕುಡಿಯುತ್ತಾಳೆ.

ನನ್ನ ಹೆಂಡತಿ ಸೀಟ್ ಬೆಲ್ಟ್ ಹಾಕಿಕೊಂಡೇ ಚಪ್ಪಾಳೆ ತಟ್ಟಿದಳು. "ರೀ, ಇನ್ನೊಂದ್ ಸಲ ಹಾಕ್ರೀ!"

"ಇದು ರೇಡಿಯೋ ಕಣೇ, ಇನ್ನೊಂದ್ ಸಲ ಹೆಂಗೆ ಹಾಕಲಿ?"

ಫೋನಿನಲ್ಲಿ ಹುಡುಕಿ ಹಾಕಿದಳು. ಮಗಳ ಹಾಸ್ಟೆಲ್ ತಲುಪುವವರೆಗೆ ಅದನ್ನು ಒಂಬತ್ತು ಸಲ ಕೇಳಿದೆವು. ನನ್ನ ಗಂಡಸಿನ ಚರಣ ಬಂದಾಗ ಅವಳು ಫೋನನ್ನು ಮುಂದಕ್ಕೆ ಓಡಿಸುತ್ತಿದ್ದಳು ಎಂಬುದನ್ನೂ ಇಲ್ಲಿ ಹೇಳಬೇಕು.

ಒಂದು ತಿಂಗಳ ನಂತರ ನಮ್ಮ ಕನ್ನಡ ಬಳಗದ ವಾರ್ಷಿಕ ಕಾರ್ಯಕ್ರಮದ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಆ ವರ್ಷ ವಾಲ್‌ನಟ್ ಎಂಬ ಊರಿನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಮಕ್ಕಳ ಭರತನಾಟ್ಯ, ಆಂಟಿಯರ ಕೋಲಾಟ, ಅದರ ಕೆಳಗೆ "ಯುಗಳಗೀತೆ: ಅಮೆರಿಕನ್ ಹಾಡಿನ ಕನ್ನಡ ರೂಪ" ಎಂದು ಬರೆದು ಮುಂದೆ ನಮ್ಮಿಬ್ಬರ ಹೆಸರು. ನಾನು ಓದಿ ಗಾಬರಿಯಾದೆ. ಇಪ್ಪತ್ತು ವರ್ಷ ನಾನು ಆ ಬಳಗದಲ್ಲಿ ಮೈಕಿನ ವೈರು ಎಳೆದವನೇ ಹೊರತು ಮೈಕಿನ ಮುಂದೆ ನಿಂತವನಲ್ಲ.

"ನನ್ನ ಕೇಳದೆ ಹೆಸರು ಕೊಟ್ಟಿದೀಯಲ್ಲ!"

"ಕೇಳಿದ್ದೆ. ನೀವು ಹೂಂ ಅಂದ್ರಿ. ಕಿವೀಲಿ ಆ ಬಿಳೀ ಇಯರ್‌ಫೋನ್ ಇತ್ತು, ಅಷ್ಟೇ."

ನನ್ನ ಚರಣವನ್ನು ನಾನೇ ಅನುವಾದಿಸಿದೆ. ಕಾಲೇಜಿನಲ್ಲಿ ಭಾವಗೀತೆ ಬರೆದು ಎರಡನೇ ಬಹುಮಾನ ಪಡೆದವನು ನಾನು. "ಎರಡು ಲೋಟ ಕಾಫಿ ಬೆರೆಸಿದೆ, ನೀನಿಲ್ಲವೆಂಬುದ ಮರೆತು, ಒಂದು ಲೋಟ ನಾನು ಕುಡಿದೆ, ಒಂದು ಆರಿತು ಕುಳಿತು." ಬರೆದು ಅಡುಗೆಮನೆಗೆ ಹೋಗಿ ಓದಿ ತೋರಿಸಿದೆ. ಅವಳು ದೋಸೆ ಮಗುಚುತ್ತಾ ಕೇಳಿದಳು.

"ಚೆನ್ನಾಗಿದೆ. ಆದ್ರೆ ನೀವು ಕಾಫಿ ಬೆರೆಸಿದ್ದು ಯಾವಾಗ?"

"ನಾನಲ್ಲ ಕಣೇ, ಹಾಡಿನಲ್ಲಿರೋನು."

"ಓ, ಅವನಾ. ಸರಿ."

ಗಿಟಾರಿಗೆ ಜನ ಬೇಕಾಗಿತ್ತು. ಸ್ಯಾನ್ ಡಿಯೇಗೋ ಪಕ್ಕದ ಪೊವೇಯಲ್ಲಿದ್ದ ಧಾರವಾಡದ ಕಡೆಯ ಟೆಲಿಕಾಂ ಎಂಜಿನಿಯರ್ ಒಬ್ಬರು ಒಪ್ಪಿಕೊಂಡರು. ನಲವತ್ತೆಂಟರ ವಯಸ್ಸು, ದಪ್ಪ ಮೀಸೆ. ಅಷ್ಟು ದೂರದಿಂದ ಎರಡು ಭಾನುವಾರ ಗಿಟಾರ್ ಹೊತ್ತುಕೊಂಡು ಅಭ್ಯಾಸಕ್ಕೆ ಬಂದರು. ಅವರ ಹೆಂಡತಿ ಕೆಲಸದ ಮೇಲೆ ಟೆಕ್ಸಾಸಿನಲ್ಲಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಅಭ್ಯಾಸ ನಡೆದದ್ದು ನಮ್ಮ ಗ್ಯಾರೇಜಿನಲ್ಲಿ. ಕೋವಿಡ್ ಬಂದಾಗಿನಿಂದ ಅದು ನನ್ನ ಆಫೀಸು. ಒಂದು ಮೇಜು, ಎರಡು ಮಾನಿಟರು, ಒಂದು ಸಣ್ಣ ಫ್ರಿಜ್ಜು, ಮಧ್ಯಾಹ್ನ ಹತ್ತು ನಿಮಿಷ ಕಾಲು ಚಾಚಲು ಒಂದು ಹಳೇ ಸೋಫಾ. ಕಾರು ಪಾಪ ಬೀದಿಯಲ್ಲಿ ನಿಲ್ಲುತ್ತಿತ್ತು.

ನಾನು ನನ್ನ ಚರಣ ಹಾಡುತ್ತಿದ್ದೆ. ಅವಳ ಸರದಿ ಬಂದಾಗ ಅವಳು "ಲಲಲ ಲಾಲ" ಎಂದು ರಾಗ ಮಾತ್ರ ಹಾಡುತ್ತಿದ್ದಳು. ಮಾತು ಎಲ್ಲಿ ಎಂದರೆ ಇನ್ನೂ ಬರೆದು ಮುಗಿದಿಲ್ಲ ಎನ್ನುತ್ತಿದ್ದಳು. ಕಾರ್ಯಕ್ರಮದ ಹಿಂದಿನ ದಿನವೂ ಲಲಲ. ಕ್ವಾಲಿಟಿ ವಿಭಾಗದವಳು ಹೀಗೆ ಕೊನೆಯ ಗಳಿಗೆಯವರೆಗೆ ಕೆಲಸ ಉಳಿಸಿಕೊಳ್ಳುವುದನ್ನು ನೋಡಿ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು. ಬರಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ವಾಲ್‌ನಟ್‌ನ ಹಾಲ್ ತುಂಬಿತ್ತು. ನಾನು ಕಪ್ಪು ಕುರ್ತಾ ಹಾಕಿ, ಮಗಳು ತಮಾಷೆಗೆ ಕೊಡಿಸಿದ್ದ ಕೌಬಾಯ್ ಟೋಪಿ ಇಟ್ಟುಕೊಂಡು ಹೋದೆ. ಜನ ಕೇಕೆ ಹಾಕಿದರು. ನನ್ನ ಚರಣ ಚೆನ್ನಾಗಿಯೇ ಬಂತು. "ಒಂದು ಆರಿತು ಕುಳಿತು" ಎಂದಾಗ ಮುಂದಿನ ಸಾಲಿನಲ್ಲಿ ಒಬ್ಬ ಅಂಕಲ್ "ವಾಹ್" ಎಂದರು. ಗಿಟಾರಿನವರು ತಾಳ ಒಂದು ಕಡೆ ತಪ್ಪಿದರು, ಯಾರಿಗೂ ತಿಳಿಯಲಿಲ್ಲ. ಇಬ್ಬರೂ ಸೇರಿ ಹಾಡುವ ಪಲ್ಲವಿ ನಾನೇ ಬರೆದದ್ದು: "ಎದ್ದು ಹೋದದ್ದು ಯಾರು ಮೊದಲು, ನೀನೋ ನಾನೋ ತಿಳಿಯದು." ಅದೂ ಆಯಿತು. ಆಮೇಲೆ ಅವಳು ಮೈಕು ಹತ್ತಿರಕ್ಕೆ ಎಳೆದುಕೊಂಡಳು. ಕೈಯಲ್ಲಿ ಚೀಟಿ ಇರಲಿಲ್ಲ.

"ಉಪ್ಪು ಜಾಸ್ತಿ ಅಂದೆ ನೀನು, ತಟ್ಟೆ ದೂರ ತಳ್ಳಿದೆ;
ಉಪ್ಪಿನ ಡಬ್ಬಿ ಎಲ್ಲಿಹುದೆಂದು ಎಂದಾದರೂ ಕೇಳಿದೆ?"

ಹಾಲ್ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಟೋಪಿ ಮುಟ್ಟಿ ಬಾಗಿ ನಗುತ್ತಿದ್ದೆ. ನಗು ಇಳಿಯುವವರೆಗೆ ಅವಳು ಕಾದಳು. ಆಮೇಲೆ ದನಿ ತಗ್ಗಿಸಿ ಮುಂದಿನ ಎರಡು ಸಾಲು ಹಾಡಿದಳು.

"ಐದು ನಿಮಿಷ ಅಂದೆ ನೀನು, ಬಾಗಿಲು ಹಾಕಿಕೊಂಡೆ;
ಅಪ್ಪನ ಕಳಿಸಿಕೊಟ್ಟೆ ನಾನು, ಒಬ್ಬಳೆ ನಿಂತುಕೊಂಡೆ."

ಸಭೆಯಲ್ಲಿ ಇದು ಯಾರಿಗೂ ಅರ್ಥವಾಗುವಂಥದ್ದಲ್ಲ. ನನಗೆ ಆಯಿತು. ಕೋವಿಡ್‌ನ ಎರಡನೆಯ ಅಲೆಯಲ್ಲಿ ಮೈಸೂರಿನಲ್ಲಿ ನನ್ನ ಮಾವ ತೀರಿಕೊಂಡರು. ಹೋಗಲು ದಾರಿ ಇರಲಿಲ್ಲ. ಅಲ್ಲಿ ಸಂಜೆ, ಇಲ್ಲಿ ಬೆಳಗಿನ ಆರೂವರೆ. ಅವಳ ತಮ್ಮ ಫೋನಿನಲ್ಲಿ ಅಂತ್ಯಕ್ರಿಯೆ ತೋರಿಸುತ್ತಿದ್ದ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ನಿಂತಿದ್ದಳು. ನನಗೆ ಒಂದು ರಿವ್ಯೂ ಮೀಟಿಂಗ್ ಇತ್ತು. ಐದು ನಿಮಿಷ ಬಂದೆ ಎಂದು ಗ್ಯಾರೇಜಿಗೆ ಹೋದೆ. ಹೊರಗೆ ಬಂದಾಗ ಒಂದೂಕಾಲು ಗಂಟೆ ಕಳೆದಿತ್ತು. ಅವಳು ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ ಅಕ್ಕಿ ತೊಳೆಯುತ್ತಿದ್ದಳು. "ಮುಗೀತಾ?" ಎಂದೆ. "ಮುಗೀತು" ಎಂದಳು. ಅದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಅಷ್ಟೇ.

ಪಲ್ಲವಿ ಮತ್ತೆ ಬಂತು. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಇನ್ನೊಂದು ಸಲ ತೆರೆದೆ. ಕಣ್ಣಲ್ಲಿ ನೀರು ಇಳಿದು, ಮೂಗಿನಿಂದ ಏನೋ ಒಂದು ಸದ್ದು ಬಂದು, ಮೈಕು ಅದನ್ನು ನಿಷ್ಠೆಯಿಂದ ಹಾಲ್ ಪೂರ್ತಿ ಹರಡಿತು. ಅವಳು ಒಬ್ಬಳೇ ಪಲ್ಲವಿ ಹಾಡಿ ಮುಗಿಸಿದಳು. ಗಿಟಾರಿನವರು ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದರು, ಹಾಡು ನಿಂತ ಮೇಲೂ. ಕೊನೆಗೆ ಜನ ತಟ್ಟಿದ ಚಪ್ಪಾಳೆ, ಮನೆಯವರ ಜಗಳದ ನಡುವೆ ಸಿಕ್ಕಿಬಿದ್ದ ನೆಂಟರು ತಟ್ಟುವಂತಿತ್ತು.

ಮನೆಗೆ ಹಿಂತಿರುಗುವಾಗ ಕಾರಿನಲ್ಲಿ ನಾನೇ ಶುರುಮಾಡಿದೆ.

"ಅದನ್ನ ಮನೇಲೇ ಹೇಳಬಹುದಿತ್ತು."

"ಮನೇಲಿ ಹೇಳಿದ್ರೆ ನೀವು ಐದು ನಿಮಿಷ ಅಂತಿದ್ರಿ."

ತಪ್ಪಾಯಿತು ಎಂದೆ. ಆ ಮಾತನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಅದುವರೆಗೆ ಎಲ್ಲಾ ಇಂಗ್ಲಿಷಿನ 'ಸಾರಿ'ಯಲ್ಲೇ ಮುಗಿದುಹೋಗುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಮೈಕಲ್ಲಿ ಅದೇನ್ರೀ ಸದ್ದು, ಪ್ರೆಷರ್ ಕುಕ್ಕರ್ ಥರ!" ಎಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ ನಾನು ಇಳಿಯಬೇಕಾದ ಎಕ್ಸಿಟ್ ತಪ್ಪಿಹೋಯಿತು.

ನಮ್ಮ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಊರಿನ ಮಟ್ಟಿಗೆ ಆಗ ಶುರುವಾಯಿತು.

ಮಂಗಳವಾರ ಸಂಜೆ ವಾಲ್‌ನಟ್‌ನ ಆಂಟಿಯೊಬ್ಬರು, ಬಳಗದ ಹಿರಿಯರು, ನಮ್ಮ ಮನೆಯ ಬಾಗಿಲು ತಟ್ಟಿದರು. ಅಷ್ಟು ದೂರ ಟ್ರಾಫಿಕ್ಕಿನಲ್ಲಿ ಬಂದಿದ್ದರು. ಕೈಯಲ್ಲಿ ಎರಡು ಡಬ್ಬ ಬಿಸಿಬೇಳೆಬಾತ್. ಒಂದನ್ನು ಹೆಂಡತಿಯ ಕೈಗೆ, ಇನ್ನೊಂದನ್ನು ನನ್ನ ಕೈಗೆ ಬೇರೆ ಬೇರೆಯಾಗಿ ಕೊಟ್ಟರು.

"ಎರಡು ಯಾಕೆ ಆಂಟಿ?" ಎಂದೆ.

"ಇರಲಪ್ಪಾ. ನಿಮಗೆ ನಿಮ್ಮದು, ಅವಳಿಗೆ ಅವಳದು. ಈಗಿನ ಕಾಲದಲ್ಲಿ ಇದೆಲ್ಲ ಇದ್ದದ್ದೇ. ಆದ್ರೆ ಊಟ ಬಿಡಬಾರದು," ಎಂದು ನನ್ನ ಭುಜ ತಟ್ಟಿದರು. ಹೆಂಡತಿಯನ್ನು ಒಳಕ್ಕೆ ಕರೆದುಕೊಂಡು ಹೋಗಿ, ಬೇಕಾದರೆ ಒಂದು ವಾರ ತಮ್ಮ ಮನೆಯಲ್ಲಿ ಬಂದು ಇರು ಎಂದರಂತೆ. ಅವಳು ಎಷ್ಟು ಹೇಳಿದರೂ ಆಂಟಿ ನಂಬಲಿಲ್ಲ. "ಮುಚ್ಚಿಡಬೇಡಮ್ಮಾ, ನಾವೆಲ್ಲ ನೋಡಿದೀವಿ" ಎಂದರಂತೆ.

ಬುಧವಾರ ಮಗಳ ಫೋನು.

"ಅಪ್ಪಾ, ಆರ್ ಯೂ ಗೈಸ್ ಗೆಟಿಂಗ್ ಡಿವೋರ್ಸ್ಡ್?"

"ಯಾರೇ ಹೇಳಿದ್ದು ನಿನಗೆ?"

"ಎವ್ರಿಬಡಿ! ದೇರ್ ಈಸ್ ಎ ವಿಡಿಯೋ!"

"ಅದು ಹಾಡು ಪುಟ್ಟಾ. ನಾನೂ ಅಮ್ಮನೂ ಚೆನ್ನಾಗೇ ಇದೀವಿ."

"ದೆನ್ ವೈ ವರ್ ಯೂ ಕ್ರೈಯಿಂಗ್ ಇನ್ ದಟ್ ಹ್ಯಾಟ್?"

ಫೋನನ್ನು ಅವಳ ಅಮ್ಮನಿಗೆ ಕೊಟ್ಟೆ. ಅವರಿಬ್ಬರೂ ಅರ್ಧ ಗಂಟೆ ನಕ್ಕರು. ಟೋಪಿಯ ಬಗ್ಗೆಯೇ ಹೆಚ್ಚು.

ಶುಕ್ರವಾರ ಪೊವೇಯ ಗಿಟಾರಿನವರು ಫೋನ್ ಮಾಡಿದರು. "ಸರ, ನೀವು ಏನೂ ಹೇಳಬ್ಯಾಡ್ರಿ. ನಾಳೆ ಮಗಳ ಕಡೆ ಬರ್ತೀರೇನು? ಬರೋವಾಗ ನಮ್ಮನಿಗೆ ಬರ್ರಿ. ಒಬ್ರ ಬರ್ರಿ. ಕೂಡಿ ಊಟ ಮಾಡೂಣು."

ಮಗಳಿಗೆ ಹೊಸ ರೈಸ್ ಕುಕ್ಕರ್ ಮುಟ್ಟಿಸುವುದಿತ್ತು. ಹೆಂಡತಿಗೆ ಆ ದಿನ ಬೇರೆ ಕೆಲಸವಿತ್ತು. ಒಬ್ಬನೇ ಹೋದೆ. ಪೊವೇ ತಲುಪಿ ಬಾಗಿಲು ತಟ್ಟುವ ಮೊದಲೇ ಅವರು ತೆರೆದರು, ನನ್ನನ್ನು ಅಪ್ಪಿಕೊಂಡರು. ಅಷ್ಟು ದೊಡ್ಡ ಮನೆಯಲ್ಲಿ ಒಂದು ಕುರ್ಚಿ, ಒಂದು ಟಿ.ವಿ., ಒಂದು ಗಿಟಾರು. ಇನ್ನೊಂದು ಕುರ್ಚಿಯನ್ನು ಪಕ್ಕದ ಮನೆಯಿಂದ ನನಗಾಗಿ ತಂದಿದ್ದರು. ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಶುರುಮಾಡಿದರು.

"ನಿಮಗೊಬ್ರಿಗೇ ಹೇಳ್ತೀನ್ರಿ ಸರ. ನಮ್ಮಾಕಿ ಟೆಕ್ಸಾಸಿಗೆ ನೌಕರಿಗೆ ಹೋಗಿಲ್ಲ. ನನ್ನ ಬಿಟ್ಟು ಹೋಗ್ಯಾಳ. ಒಂದು ವರ್ಷ ಆತು. ಮಂದಿಗೆ ಏನಂತ ಹೇಳೋದು? ನೌಕರಿ ಅಂದೆ. ಅವತ್ತು ನೀವು ಸ್ಟೇಜಿನ ಮ್ಯಾಲೆ ಅಷ್ಟು ಮಂದಿ ಮುಂದ ಅತ್ತದ್ದು ನೋಡಿ ನನಗ ಧೈರ್ಯ ಬಂತು ನೋಡ್ರಿ. ಇವರಿಗೂ ಹಿಂಗ ಆಗ್ಯದ, ಇವರು ಮುಚ್ಚಿಟ್ಟಿಲ್ಲ, ನಾ ಯಾಕ ಮುಚ್ಚಿಡ್ಲಿ ಅನಿಸ್ತು."

ಹೇಳುತ್ತಾ ಹೇಳುತ್ತಾ ಅವರ ಮೀಸೆ ನಡುಗುತ್ತಿತ್ತು. ಒಂದು ವರ್ಷದಿಂದ ಯಾರೊಂದಿಗೂ ಆಡದ ಮಾತನ್ನು ಒಬ್ಬ ಮನುಷ್ಯ ಹೀಗೆ ಬಿಚ್ಚಿಡುತ್ತಿರುವಾಗ, "ಕ್ಷಮಿಸಿ, ನನ್ನ ಹೆಂಡತಿ ಮನೆಯಲ್ಲೇ ಇದ್ದಾಳೆ, ಬೆಳಿಗ್ಗೆ ಪಡ್ಡು ಮಾಡಿ ಕಳಿಸಿದಳು" ಎಂದು ಹೇಳುವುದು ಹೇಗೆ? ಸುಮ್ಮನಿದ್ದೆ. ಅದೇ ನಾನು ಮಾಡಿದ ತಪ್ಪು.

"ನಿಮ್ಮ ಮನಿಯವ್ರು ಈಗ ಎಲ್ಲಿದ್ದಾರ್ರಿ?" ಎಂದು ಊಟಕ್ಕೆ ಕೂತಾಗ ಕೇಳಿದರು.

"ಟೊರೆನ್ಸ್‌ನಲ್ಲೇ."

"ಮತ್ತ ನೀವು?"

"ನಾನೂ ಟೊರೆನ್ಸ್‌ನಲ್ಲೇ." ಸುಳ್ಳು ಹೇಳಬಾರದೆಂದು ಯೋಚಿಸಿ ಯೋಚಿಸಿ ಸೇರಿಸಿದೆ, "ಹಗಲೆಲ್ಲಾ ಗ್ಯಾರೇಜಲ್ಲಿ ಇರ್ತೀನಿ."

ಅವರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಗ್ಯಾರೇಜಿನ್ಯಾಗ! ಆ ಹರಕು ಸೋಫಾದ ಮ್ಯಾಲೆ? ನಾ ನೋಡೀನಲ್ರಿ ಅದನ್ನ! ಅಯ್ಯ ನನ್ನಪ್ಪಾ. ನಿಮಗಿಂತ ನನ್ನ ಬಾಳೇವೇ ಪಾಡು, ನನಗ ಮನಿನಾದ್ರೂ ಬಿಟ್ಟು ಹೋಗ್ಯಾಳ."

ನಾನು ಹೊರಡುವಾಗ ಅವರು ಗಾಳಿ ತುಂಬುವ ಹಾಸಿಗೆಯೊಂದನ್ನು ಪಂಪಿನ ಸಮೇತ ತಂದು ಕಾರಿನಲ್ಲಿಟ್ಟರು. ಬೇಡವೆಂದರೂ ಕೇಳಲಿಲ್ಲ. "ಬೆನ್ನು ಹಾಳಾಗ್ತದ್ರಿ ಸರ, ನಮ್ಮ ವಯಸ್ಸಿಗೆ."

ಮನೆಗೆ ಬಂದು ಹಾಸಿಗೆ ಇಳಿಸುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ರೈಸ್ ಕುಕ್ಕರ್ ತಗೊಂಡು ಹೋದೋರು ಹಾಸಿಗೆ ತಂದಿದೀರಲ್ಲ?"

ಎಲ್ಲವನ್ನೂ ಹೇಳಿದೆ. ಗ್ಯಾರೇಜಿನ ಮಾತಿಗೆ ಬಂದಾಗ ಅವಳು ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ನಗು ನಿಂತಿತು. "ಪಾಪ ಕಣ್ರೀ. ಒಂದು ವರ್ಷ ಒಂದೇ ಕುರ್ಚಿ ಇಟ್ಕೊಂಡು ಕೂತಿದಾರೆ. ಇದನ್ನ ಹೀಗೇ ಬಿಡಬಾರದು. ಇಬ್ಬರೂ ಹೋಗಿ ಹೇಳೋಣ."

ಮುಂದಿನ ಶನಿವಾರವೇ ಹೊರಟೆವು. ಮೊದಲೇ ಫೋನಿನಲ್ಲಿ ಹೇಳಿದರೆ ನೊಂದುಕೊಳ್ಳುತ್ತಾರೆ, ಎದುರು ಕೂತು ನಿಧಾನವಾಗಿ ಹೇಳಬೇಕು ಎಂದು ದಾರಿಯುದ್ದಕ್ಕೂ ಅವಳು ನನಗೆ ಪಾಠ ಹೇಳಿಕೊಟ್ಟಳು. ಮೊದಲು ಕ್ಷಮೆ, ಆಮೇಲೆ ಕಾರಣ, ಆಮೇಲೆ ಮೈಸೂರುಪಾಕು. ನಾನು ಓಷನ್‌ಸೈಡ್ ಹತ್ತಿರ ಎರಡು ಸಲ ಒಪ್ಪಿಸಿ ತೋರಿಸಿದೆ.

ಬಾಗಿಲು ತೆರೆದವರು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿದರು.

"ಕೂಡಿದ್ರೇನ್ರೀ! ನನಗ ಗೊತ್ತಿತ್ತು! ಸರ, ನಾ ಅವತ್ತು ನಿಮ್ಮ ಕೂಡ ಮಾತಾಡಿದ್ದಕ್ಕ ಹಿಂಗಾತು, ಹೌದಿಲ್ಲೋ? ಬರ್ರಿ ಅಕ್ಕಾರ, ಒಳಗ ಬರ್ರಿ!"

ಹೆಂಡತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಪಾಠ ಪೂರ್ತಿ ಮರೆತುಹೋಗಿತ್ತು. ಅಷ್ಟು ಹೊತ್ತಿಗೆ ಅವರು ಆನಂದದಿಂದ ಜೋಳದ ಹಿಟ್ಟು ಕಲಸಲು ಹೋಗಿದ್ದರು. ಆ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಿಜ ಹೇಳಲು ಬಂದ ನಾವಿಬ್ಬರೂ ಅವರು ತಟ್ಟಿದ ರೊಟ್ಟಿ ತಿನ್ನುತ್ತಾ, ಅವರು ನಮ್ಮನ್ನು ಒಂದು ಮಾಡಿದ ಕಥೆಯನ್ನು ಅವರ ಬಾಯಲ್ಲೇ ಕೇಳುತ್ತಾ ಕೂತೆವು. ನನ್ನ ಹೆಂಡತಿಗೆ ಕುರ್ಚಿ ಕೊಟ್ಟು, ಪಕ್ಕದ ಮನೆಯದನ್ನು ನನಗೆ ಕೊಟ್ಟು, ತಾವು ನೆಲದ ಮೇಲೆ ಕೂತಿದ್ದರು.

ಊಟ ಮುಗಿಯುತ್ತಾ ಬಂದಾಗ ನನ್ನ ಹೆಂಡತಿ ನೇರವಾಗಿ ಕೇಳಿದಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವರು ಯಾಕೆ ಹೋದ್ರು?"

"ಏನೋ ಗೊತ್ತಿಲ್ರಿ ಅಕ್ಕಾರ. ಒಂದಿನ ಹೋಗ್ತೀನಿ ಅಂದ್ಲು, ಹೋದ್ಲು."

"ನೀವು ಕೇಳಲಿಲ್ವಾ?"

"ಕೇಳಿದ್ರ ಜಗಳ ಆಗ್ತದಂತ ಸುಮ್ಮನಾದೆ."

"ಆ ಹಾಡಿನೋನ ಥರಾನೇ ಆಯ್ತು ನೋಡಿ. ನಿಮ್ಮ ಚರಣ ನೀವು ಹೇಳಿದ್ರಿ. ಅವರ ಚರಣದಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಫೋನ್ ಮಾಡಿ ಕೇಳಿ. ವಾಪಸ್ ಬಾ ಅಂತ ಅಲ್ಲ. ಬರೀ ಕೇಳಿ. ಮಧ್ಯ ಮಾತಾಡಬೇಡಿ."

ಅವರು ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ತಿರುಗಿಸಿದರು. ನೋಡೂಣ್ರಿ ಎಂದರು.

ಎರಡು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನಗೆ ಫೋನ್ ಬಂತು. ದನಿ ಕುಗ್ಗಿತ್ತು. "ಸರ, ಕೇಳಿದೆ. ಎರಡು ತಾಸು ಮಾತಾಡಿದ್ಲು. ನಾ ಹಾಳಿ ಮ್ಯಾಲೆ ಬರಕೊಂಡೆ. ಹನ್ನೊಂದು ಪಾಯಿಂಟ್ ಅದಾವ."

"ಹನ್ನೊಂದಾ?"

"ಹೌದ್ರಿ. ಅದರಾಗ ಏಳು ಖರೇನ ಅದಾವ. ಮೂರರ ಬಗ್ಗೆ ನನಗ ತಕರಾರು ಅದ. ಒಂದು ನನಗ ತಿಳೀಲಿಲ್ಲ, ಮುಂದಿನ ವಾರ ಮತ್ತ ಕೇಳ್ತೀನಿ ಅಂದೆ. ಹೂಂ ಅಂದ್ಲು."

ಆ "ಹೂಂ ಅಂದ್ಲು" ಹೇಳುವಾಗ ಅವರ ದನಿ ಸ್ವಲ್ಪ ಮೇಲಕ್ಕೆದ್ದಿತ್ತು. ಮುಂದಿನ ಭಾನುವಾರವೂ ಅವರು ಕೇಳಿದರು. ಅದರ ಮುಂದಿನದೂ. ಬೇಸಿಗೆ ಬರುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಅವರಿಗೆ ಫೋನ್ ಮಾಡಿದರೆ ಎಂಗೇಜ್ ಎಂದು ನಮಗೆ ಗೊತ್ತಾಗಿತ್ತು.

ನಿಜವನ್ನು ಹೇಳಿದ್ದು ಆಗ. ನಮ್ಮ ಮನೆಗೆ ಊಟಕ್ಕೆ ಕರೆದು, ಪಾಯಸ ಬಡಿಸಿ, ನಾವು ಯಾವತ್ತೂ ಬೇರೆಯಾಗಿರಲೇ ಇಲ್ಲ ಎಂದು ಹೆಂಡತಿಯೇ ಹೇಳಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ಪಾಯಸದ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಂದ್ರ ಗ್ಯಾರೇಜು?"

"ಆಫೀಸು," ಎಂದೆ.

"ಸ್ಟೇಜಿನ ಮ್ಯಾಲೆ ಅತ್ತದ್ದು?"

"ಅದು ನಿಜ."

ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. "ಹಂಗಾದ್ರ ನಾ ನಿಮ್ಮನ್ನ ಕೂಡಿಸಿದ್ದು?" ಎಂದರು, ನಿಜಕ್ಕೂ ಕಳವಳದಿಂದ. "ನಾ ಎಲ್ಲಾರಿಗೂ ಹೇಳೀನಲ್ರಿ!"

"ಹೇಳಿದ್ದು ಹೇಳಿಯಾಗಿದೆ, ಹಾಗೇ ಇರಲಿ ಬಿಡಿ," ಎಂದಳು ನನ್ನ ಹೆಂಡತಿ. ಇವತ್ತಿಗೂ ಸ್ಯಾನ್ ಡಿಯೇಗೋ ಕಡೆಯ ಕನ್ನಡಿಗರಲ್ಲಿ ನಮ್ಮ ಸಂಸಾರ ಉಳಿಸಿದವರು ಅವರೇ.

ಆ ವರ್ಷದ ಕೊನೆಯಲ್ಲಿ ಅವರ ಹೆಂಡತಿಗೆ ಸ್ಯಾನ್ ಡಿಯೇಗೋದಲ್ಲಿ ಮೂರು ದಿನದ ಕೆಲಸ ಬಂತು. ಈ ಸಲ ನಿಜವಾದ ಕೆಲಸ. ಆಕೆ ಹೋಟೆಲಿನಲ್ಲಿ ಉಳಿದುಕೊಂಡರು. ಕೊನೆಯ ದಿನ ಮಧ್ಯಾಹ್ನ ನಾಲ್ವರೂ ಪೊವೇಯ ಮನೆಯಲ್ಲಿ ಊಟಕ್ಕೆ ಸೇರಿದೆವು. ಅಷ್ಟರಲ್ಲಿ ಆ ಮನೆಗೆ ಆರು ಕುರ್ಚಿ ಬಂದಿದ್ದವು. ಅವರ ಹೆಂಡತಿ ಗಿಡ್ಡ ಆಕೃತಿಯವರು, ನಕ್ಕರೆ ಪಕ್ಕದ ಬೀದಿಗೆ ಕೇಳಬೇಕು. ನಮ್ಮ ವಿಡಿಯೋವನ್ನು ಟೆಕ್ಸಾಸಿನಲ್ಲೇ ನೋಡಿದ್ದರಂತೆ. ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಉಪ್ಪಿನ ಡಬ್ಬಿ ಅಂದ್ರಲ್ಲ, ನಾ ಎದ್ದು ನಿಂತು ಕೂಗಿದೆ ನೋಡ್ರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಗಂಡನಿಗೆ ಕೇಳುವಂತೆಯೇ ಹೇಳಿದರು: "ಇವರು ನಡುವ ತಾಳ ತಪ್ಪಿದ್ರು, ನಿಮಗ ಗೊತ್ತಾತೇನ್ರಿ? ಅದು ಎಂಟನೇ ಪಾಯಿಂಟು. ಹತ್ತೊಂಬತ್ತು ವರ್ಷ ಕೇಳೀನಿ."

"ಅದು ತಕರಾರಿನ್ಯಾಗ ಅದ," ಎಂದರು ಅವರು, ಚಟ್ನಿಪುಡಿಯ ಮೇಲೆ ಮೊಸರು ಹಾಕಿಕೊಳ್ಳುತ್ತಾ.

"ತಕರಾರು ಏನೂ ಇಲ್ಲ. ವಿಡಿಯೋ ಅದ."

ಅವರು ಮತ್ತೆ ಒಂದೇ ಮನೆಯಲ್ಲಿ ಇರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಇಬ್ಬರೂ ನೋಡೂಣು ಎನ್ನುತ್ತಾರೆ. ಆ ದಿನ ಸಂಜೆ ಐದಕ್ಕೆ ಆಕೆಯ ವಿಮಾನ. ಏರ್‌ಪೋರ್ಟಿಗೆ ಪೊವೇಯಿಂದ ಅರ್ಧ ಗಂಟೆಯ ದಾರಿ. ಅವರನ್ನು ಬಿಡಲು ಗಂಡ ಒಂದು ಗಂಟೆಗೇ ಕಾರು ಹೊರಗೆ ತೆಗೆದರು. ಯಾಕೆ ಇಷ್ಟು ಬೇಗ ಎಂದು ಯಾರೂ ಕೇಳಲಿಲ್ಲ. ನಾನು ಮತ್ತು ನನ್ನ ಹೆಂಡತಿ ಪಾತ್ರೆ ತೊಳೆದಿಟ್ಟು, ಅವರ ಮನೆಯ ಬಾಗಿಲು ಎಳೆದುಕೊಂಡು ಹೊರಟೆವು.